ಲಿಟಲ್ ಮೋರ್‌ಟನ್ ಹಾಲ್‌ನ ಬಾಗಿದ ತೊಲೆಗಳು

ಇಂಗ್ಲೆಂಡಿನ ಚೆಷೈರ್‌ನ ಲಿಟಲ್ ಮೋರ್‌ಟನ್ ಹಾಲ್ ಎಂಬ ಮರದ ಚೌಕಟ್ಟಿನ ದೊಡ್ಡ ಮನೆ ಕಟ್ಟೋಕೆ ಸುಮಾರು ನೂರು ವರ್ಷ ಹಿಡಿಯಿತು. 1500ರ ಆಸುಪಾಸಿನಲ್ಲಿ ಶುರು, ಆಮೇಲೆ ತಲೆಮಾರಿಗೊಂದು ಸೇರ್ಪಡೆ. ಅಂಗಳದ ಕಡೆಗೆ ಚಾಚಿದ ಎರಡು ಕಿಟಕಿಗಳು 1559ರವು. ಸೂರಿಗೆ ಸೂರು ತಾಗುವಷ್ಟು ಹತ್ತಿರ. ಅವುಗಳ ಮೇಲೆ ಯಜಮಾನನ ಹೆಸರಿನ ಜೊತೆ ಬಡಗಿ ರಿಚರ್ಡ್ ಡೇಲ್ ಹೆಸರೂ ಇದೆ. ಕೆಲಸ ಮಾಡಿದ ಕೈಯ ಹೆಸರು ಹೀಗೆ ಉಳಿಯೋದು ಎಷ್ಟು ಅಪರೂಪ!

ತೊಂದರೆ ಇರೋದು ದಕ್ಷಿಣದ ಭಾಗದಲ್ಲಿ. ಕಟ್ಟಡ ಶುರುವಾದ ಮೇಲೆ ಯೋಚನೆ ಬಂದಂತೆ, ಮೂರನೇ ಅಂತಸ್ತಿಗೆ 68 ಅಡಿ ಉದ್ದದ ಪಡಸಾಲೆ ಏರಿಸಿದರು. ಅದರ ಮೇಲೆ ಕಲ್ಲುಚಪ್ಪಡಿಯ ಚಾವಣಿ. ಕೆಳಗಿನ ಓಕ್ ಮರದ ಚೌಕಟ್ಟಿಗೆ ಆ ಭಾರ ಜಾಸ್ತಿಯಾಯಿತು: ಚಾವಣಿ ಗೋಡೆಗಳನ್ನು ಹೊರಕ್ಕೆ ದೂಡಿತು, ತೊಲೆಗಳು ಬಾಗಿದವು, ನೆಲ ಏರಿಳಿಯಿತು. ಕೊನೆಗೆ ಉಕ್ಕಿನ ಸರಳು ಹಾಕಿ ಬಿಗಿಯಬೇಕಾಯಿತು. ಇಷ್ಟಾದರೂ ಕುಸಿಯದೆ ನಿಂತಿರೋದರಲ್ಲಿ ಮರಕ್ಕೆ ಮರ ಜೋಡಿಸಿದ ಸಂದುಗಳ ಪಾಲು ದೊಡ್ಡದು. ಮರದ ತುದಿಯನ್ನು ಇನ್ನೊಂದರ ತೂತಿಗೆ ಕೂರಿಸಿ ಮರದ ಗೂಟ ಬಡಿದರೆ, ಆ ಸಂದು ಮುರಿಯದೆ ತುಸು ಜರುಗುತ್ತದೆ.

ಇನ್ನು ಎಲ್ಲರೂ ಫೋಟೊ ತೆಗೆಯುವ ಹೊರಗೋಡೆಯ ಆ ಕಪ್ಪು-ಬಿಳುಪು ಬಣ್ಣ ವಿಕ್ಟೋರಿಯಾ ರಾಣಿಯ ಕಾಲದ್ದು, ಅಂದರೆ ಹತ್ತೊಂಬತ್ತನೇ ಶತಮಾನದ್ದು. ಮೊದಲು ಮರಕ್ಕೆ ಬಣ್ಣವೇ ಇರಲಿಲ್ಲ. ಮರಗಳ ನಡುವಿನ ಗಾರೆಗೆ ಹಳದಿಮಣ್ಣಿನ ಬಣ್ಣ ಇತ್ತು.