ಒಂದೇ ಕಂಪ್ಯೂಟರಲ್ಲಿ ಮೂರು ಪೈಥಾನ್: ಎಸ್‌ಕ್ಯೂಲೈಟ್ ಕೊಟ್ಟ ಕಾಟ

ಮೆಕ್ಕೆಜೋಳದ ಧಾರಣೆ ಬರೆದಿಡುವ ನನ್ನ ಪೈಥಾನ್ ಸ್ಕ್ರಿಪ್ಟ್ ಕೊನೆಗೂ ಓಡಿತು. ದಾವಣಗೆರೆ ಎಪಿಎಂಸಿಯ ದಿನದ ಕನಿಷ್ಠ, ಗರಿಷ್ಠ, ಮಾದರಿ ದರ ಮೂರೂ ಒಂದೇ ಎಸ್‌ಕ್ಯೂಲೈಟ್ ಡೇಟಾಬೇಸ್ ಫೈಲಿಗೆ ಬೀಳುತ್ತಿವೆ. ಉಬುಂಟು 22.04ರ ಜೊತೆ ಬಂದ ಪೈಥಾನ್ 3.10 ತನ್ನ ಪಾಡಿಗಿದೆ, ಅದನ್ನು ಮುಟ್ಟುವ ಹಾಗಿಲ್ಲ. ನುಡಿ ತಂತ್ರಾಂಶದ ಹಳೇ ಕನ್ನಡ ಫೈಲುಗಳನ್ನು ಬದಲಿಸುವ ಕನ್ವರ್ಟರ್‌ಗೆ 2.7.18, ಧಾರಣೆಗೆ 3.12.4, ಎರಡೂ ಪೈಎನ್ವ್ (ಒಂದೇ ಯಂತ್ರದಲ್ಲಿ ಹಲವು ಪೈಥಾನ್ ಆವೃತ್ತಿ ಇಟ್ಟುಕೊಳ್ಳುವ ಸಾಧನ) ಕೆಳಗೆ. ಪೈಎನ್ವ್ ಹಾಕೋದು, ಪಾತ್ ಸಾಲು ಬ್ಯಾಶ್‌ಆರ್‌ಸಿಗೆ ಸೇರಿಸೋದು ಎಲ್ಲರಿಗೂ ಗೊತ್ತಿರುವುದೇ, ಬಿಡಿ.

ಕಾಟ ಕೊಟ್ಟದ್ದು ಒಂದೇ ಸಾಲು: '_ಎಸ್‌ಕ್ಯೂಲೈಟ್3' ಎಂಬ ಮಾಡ್ಯೂಲ್ ಇಲ್ಲ.

ಇದರ ಕುತಂತ್ರ ನೋಡಿ. ಬಿಲ್ಡ್, ಅಂದರೆ ಪೈಎನ್ವ್ ಪೈಥಾನನ್ನು ಕಟ್ಟುವ ಕೆಲಸ, ಮುರಿದು ಬೀಳುವುದಿಲ್ಲ. '3.12.4 ಇನ್‌ಸ್ಟಾಲ್ ಆಯಿತು' ಅಂತಲೇ ಮುಗಿಯುತ್ತದೆ; ಎಸ್‌ಕ್ಯೂಲೈಟ್ ಕಂಪೈಲ್ ಆಗಿಲ್ಲ ಎಂಬ ಎಚ್ಚರಿಕೆ ಕೊನೆಯಲ್ಲಿ ಬಂದು ಹೋಗಿರುತ್ತದೆ, ಅಷ್ಟೊತ್ತಿಗೆ ನಾವು ಮಂಡಕ್ಕಿ ಮೆಣಸಿನಕಾಯಿ ಹತ್ತಿರ ಇರುತ್ತೇವೆ. ಟರ್ಮಿನಲ್‌ನಲ್ಲಿ ಎಸ್‌ಕ್ಯೂಲೈಟ್3 ಅಂತ ಟೈಪ್ ಮಾಡಿದರೆ ಡೇಟಾಬೇಸ್ ಆರಾಮಾಗಿ ತೆರೆಯುತ್ತದೆ. ಆದ್ದರಿಂದ ಲೈಬ್ರರಿ ಇದೆ ಎಂದೇ ಅನಿಸುತ್ತದೆ. ಇರುವುದು ಓಡಿಸುವ ಲೈಬ್ರರಿ ಮಾತ್ರ. ಪೈಎನ್ವ್ ಪೈಥಾನನ್ನು ಮೂಲ ಕೋಡ್‌ನಿಂದಲೇ ಕಂಪೈಲ್ ಮಾಡುತ್ತದೆ, ಅದಕ್ಕೆ ಬೇಕಾದದ್ದು ಲೈಬ್ರರಿಯಲ್ಲಿ ಏನಿದೆ ಎಂದು ಕಂಪೈಲರ್‌ಗೆ ಹೇಳುವ ಹೆಡರ್ ಫೈಲ್. ಅದು ಬರುವುದು ಲಿಬ್‌ಎಸ್‌ಕ್ಯೂಲೈಟ್3-ಡೆವ್ ಪ್ಯಾಕೇಜ್‌ನಲ್ಲಿ.

ಪೈಥಾನ್ ಪ್ಯಾಕೇಜ್ ಹಾಕುವ ಪಿಪ್‌ನಿಂದ ಈ ಮಾಡ್ಯೂಲ್ ಹಾಕಲು ಹೋಗಬೇಡಿ. ಇದು ಪೈಥಾನ್ ಜೊತೆಗೇ ಬರಬೇಕಾದ ಸಾಮಾನು. ಉಬುಂಟುವಿನ ಏಪ್ಟ್‌ನಿಂದ ಡೆವ್ ಪ್ಯಾಕೇಜ್ ಹಾಕಿ ಮತ್ತೆ ಓಡಿಸಿದರೂ ಅದೇ ತಪ್ಪು ಬರುತ್ತದೆ. ತಲೆ ಕೆಡುವುದು ಇಲ್ಲೇ. ಆ ಮಾಡ್ಯೂಲ್ ಹುಟ್ಟುವುದು ಕಂಪೈಲ್ ಆಗುವಾಗ. ಮನೆ ಕಟ್ಟಿ ಆದಮೇಲೆ ಇಟ್ಟಿಗೆ ತಂದು ಅಂಗಳದಲ್ಲಿ ಇಟ್ಟರೆ ಗೋಡೆ ಏಳುತ್ತದೆಯೇ? 'ಪೈಎನ್ವ್ ಇನ್‌ಸ್ಟಾಲ್ --ಫೋರ್ಸ್ 3.12.4' ಕೊಟ್ಟು ಮತ್ತೆ ಕಟ್ಟಿಸಲೇಬೇಕು.

ಹೇಗೂ ಕಟ್ಟುವುದಾದರೆ ಲಿಬ್‌ಎಸ್‌ಎಸ್‌ಎಲ್, ಝಡ್‌ಲಿಬ್1ಜಿ, ಲಿಬ್‌ಬಿಝಡ್2, ಲಿಬ್‌ರೀಡ್‌ಲೈನ್, ಲಿಬ್‌ಎಫ್‌ಎಫ್‌ಐ, ಲಿಬ್‌ಎಲ್‌ಝಡ್‌ಎಂಎ, ಟಿಕೆ ಇವೆಲ್ಲದರ ಡೆವ್ ಪ್ಯಾಕೇಜ್‌ಗಳನ್ನೂ ಒಂದೇ ಏಟಿಗೆ ಹಾಕಿಬಿಡಿ. ಇಲ್ಲದಿದ್ದರೆ ಮುಂದಿನ ವಾರ ಎಲ್‌ಝಡ್‌ಎಂಎ ಕೈ ಕೊಡುತ್ತದೆ. ಆದಮೇಲೆ ಎಸ್‌ಎಸ್‌ಎಲ್, ಎಸ್‌ಕ್ಯೂಲೈಟ್3, ಬಿಝಡ್2, ಎಲ್‌ಝಡ್‌ಎಂಎ, ಸಿಟೈಪ್ಸ್, ಟಿಕೆಇಂಟರ್ ಎಲ್ಲವನ್ನೂ ಒಂದೇ ಸಾಲಿನಲ್ಲಿ ಇಂಪೋರ್ಟ್ ಮಾಡಿ ನೋಡಿ. ಏನೂ ಮಾತಾಡದಿದ್ದರೆ ಗೆದ್ದಿರಿ.

ಒಂದು ಸಮಾಧಾನ: ವೆನ್ವ್ (ಒಂದೊಂದು ಕೆಲಸಕ್ಕೂ ಬೇರೆಯಾಗಿ ಮಾಡಿಕೊಳ್ಳುವ ಪೈಥಾನ್ ಫೋಲ್ಡರ್) ಮತ್ತೆ ಮಾಡಬೇಕಿಲ್ಲ. ಅದರೊಳಗಿನ ಪೈಥಾನ್ ಬರೀ ಕೊಂಡಿ, ಸ್ಟ್ಯಾಂಡರ್ಡ್ ಲೈಬ್ರರಿಯನ್ನು ಮೂಲ 3.12.4 ಫೋಲ್ಡರಿನಿಂದಲೇ ಓದುತ್ತದೆ. ಅದೇ ಕಾರಣಕ್ಕೆ, ಜಾಗ ಉಳಿಸಲೆಂದು 3.12.4 ಅಳಿಸಿ 3.12.5 ಹಾಕಿದರೆ ಹಳೇ ವೆನ್ವ್‌ಗಳೆಲ್ಲ ಸತ್ತಂತೆ.

ಪೈಥಾನನ್ನು ಚುರುಕಾಗಿಸುವ ಆಪ್ಟಿಮೈಸೇಶನ್ ಆಯ್ಕೆಯನ್ನು ಈ ಬೇಸಿಗೆಯಲ್ಲಿ ಮುಟ್ಟಲೇಬೇಡಿ. ಪ್ರೊಫೈಲ್‌ಗಾಗಿ ಟೆಸ್ಟ್‌ಗಳನ್ನೂ ಓಡಿಸಿ ಎರಡು ಸಲ ಕಂಪೈಲ್ ಮಾಡುತ್ತದೆ, ನಡುವೆ ಕರೆಂಟ್ ಹೋದರೆ ಮೊದಲಿಂದ ಶುರು. ಯುಪಿಎಸ್ ಮಾರಿದವರು ಇಪ್ಪತ್ತು ನಿಮಿಷ ಬ್ಯಾಕಪ್ ಅಂದಿದ್ದರು. ಆ ಇಪ್ಪತ್ತು ನಿಮಿಷ ಬಹುಶಃ ಎಲ್‌ಇಡಿ ಬಲ್ಬಿನ ಲೆಕ್ಕ.

ಮುಂದಿನ ಕೆಲಸ 2.7ಕ್ಕೆ ಎಳ್ಳುನೀರು ಬಿಡುವುದು. 2020ರ ಜನವರಿಯಲ್ಲೇ ಅದರ ಬೆಂಬಲ ಮುಗಿದಿದೆ. ನುಡಿಯ ಹಳೇ ಫೈಲುಗಳಲ್ಲಿ ಕನ್ನಡ ಅಕ್ಷರದ ತುಣುಕುಗಳು 127ರ ಮೇಲಿನ ಬೈಟ್‌ಗಳಲ್ಲಿ ಕೂತಿವೆ, 2.7ರಲ್ಲಿ ಸ್ಟ್ರಿಂಗ್ ಎಂದರೇ ಬೈಟ್, ನಡೆದುಹೋಗುತ್ತಿತ್ತು. 3ರಲ್ಲಿ ಡಿಕೋಡ್ ಮಾಡಲೇಬೇಕು, ಅಂದರೆ ಯಾವ ಬೈಟ್ ಯಾವ ಅಕ್ಷರ ಎಂದು ಒಂದು ಪಟ್ಟಿ ಕೊಡಬೇಕು. ವಿಂಡೋಸ್‌ನ ಸಿಪಿ1252 ಕೊಟ್ಟರೆ (ಹೆಕ್ಸ್ ಲೆಕ್ಕದ) 81, 8ಡಿ, 8ಎಫ್, 90, 9ಡಿ ಬೈಟ್‌ಗಳಿಗೆ ಅಲ್ಲಿ ಜಾಗವೇ ಇಲ್ಲ, ಮುಗ್ಗರಿಸುತ್ತದೆ. ಲ್ಯಾಟಿನ್-1 ಕೊಟ್ಟರೆ 256 ಬೈಟ್‌ಗೂ ಜಾಗವಿದೆ. ಒತ್ತಕ್ಷರ, ಅರ್ಕಾವತ್ತಿನ ಹಿಂದುಮುಂದು ಜೋಡಣೆ ಮಾತ್ರ ಕೈಯಾರೆ ಬಿಡಿಸಬೇಕು. ಮೊದಲ ಬಲಿ 'ಕರ್ನಾಟಕ'ದ ಅರ್ಕಾವತ್ತು.