ತಂಬೂರಿಯ ಪಂಚಮವೂ ಆಂಪ್ಲಿಫೈಯರಿನ ಪವರ್ ಸಪ್ಲೈಯೂ

ಕಳೆದ ಮಳೆಗಾಲದ ಒಂದು ರಾತ್ರಿ, ಧಾರವಾಡದ ಮಾಳಮಡ್ಡಿಯ ಮನೆಯಲ್ಲಿ, ನಾನೇ ಕಟ್ಟಿದ ಆಂಪ್ಲಿಫೈಯರಿಗೆ ಮೊದಲ ಸಲ ಸ್ಪೀಕರ್ ಜೋಡಿಸಿ ಮಲ್ಲಿಕಾರ್ಜುನ ಮನಸೂರರ ಹಳೆಯ ಧ್ವನಿಮುದ್ರಣವೊಂದನ್ನು ಹಚ್ಚಿದಾಗ, ಹಾಡಿಗಿಂತ ಮೊದಲೇ ಗುಂಯ್ ಎನ್ನುವ ಸದ್ದೊಂದು ಕೇಳಿಸಿತು. ಅದು ಜೋರಾಗಿರಲಿಲ್ಲ, ವಾರ್ತೆ ಕೇಳುವವರಿಗೆ ಗಮನಕ್ಕೇ ಬರುತ್ತಿರಲಿಲ್ಲ. ಆದರೆ ತಂಬೂರಿಯ ನಾದ ಆರಂಭವಾದೊಡನೆ ಆ ಸದ್ದು ಅದರ ಪಕ್ಕದಲ್ಲೇ ನಿಂತು ಶ್ರುತಿಯನ್ನು ಕೆಡಿಸತೊಡಗಿತು. ಲೆಕ್ಕ ಹಾಕಿ ನೋಡಿದ ಮೇಲೆ ಕಾರಣ ಸ್ಪಷ್ಟವಾಯಿತು. ನಮ್ಮ ಮನೆಗಳಿಗೆ ಬರುವ ಕರೆಂಟು ಸೆಕೆಂಡಿಗೆ 50 ಆವರ್ತನದ್ದು. ಎಸಿ ಕರೆಂಟನ್ನು ಡಿಸಿಯಾಗಿಸುವ ಬ್ರಿಡ್ಜ್ ರೆಕ್ಟಿಫೈಯರ್ ಅದರ ಎರಡೂ ಅರ್ಧಗಳನ್ನು ಒಂದೇ ಕಡೆಗೆ ತಿರುಗಿಸುವುದರಿಂದ ಹುಟ್ಟುವ ಹಮ್, ಅಂದರೆ ಆ ಗುಂಯ್ ಸದ್ದು, 100 ಹರ್ಟ್ಜ್‌ನದು. ಕಾಳಿ ಒಂದಕ್ಕೆ, ಅಂದರೆ ಹಾರ್ಮೋನಿಯಂನ ಮೊದಲ ಕಪ್ಪು ಮನೆಗೆ, ಕೂಡಿಸಿದ ಗಂಡುದನಿಯ ತಂಬೂರಿಯಲ್ಲಿ ಪಂಚಮದ ತಂತಿ ಸುಮಾರು 104 ಹರ್ಟ್ಜ್‌ನಲ್ಲಿ ಮಿಡಿಯುತ್ತದೆ. ಅಂದರೆ ನನ್ನ ಆಂಪ್ಲಿಫೈಯರ್ ಅರ್ಧ ಸ್ವರದ ಅರ್ಧಕ್ಕಿಂತ ತುಸು ಹೆಚ್ಚೇ ಇಳಿದ ಒಂದು ಪಂಚಮವನ್ನು, ಎಂದೂ ನಿಲ್ಲದಂತೆ, ತಾನೇ ನುಡಿಸುತ್ತಿತ್ತು. ತಂಬೂರಿ ಕೂಡಿಸುವುದನ್ನು ಕೇಳುತ್ತ ಬೆಳೆದ ಈ ಊರಿನ ಕಿವಿಗಳಿಗೆ ಇದನ್ನು ಸಹಿಸುವುದು ಸಾಧ್ಯವಿಲ್ಲ.

ಆ ದೋಷ ಧ್ವನಿಯನ್ನು ಹಿಗ್ಗಿಸುವ ಐಸಿ ಚಿಪ್ಪಿನಲ್ಲಿರಲಿಲ್ಲ, ಅದಕ್ಕೆ ಕರೆಂಟು ಒದಗಿಸುವ ಪವರ್ ಸಪ್ಲೈಯಲ್ಲಿತ್ತು. ಅದರಲ್ಲೂ ಒಂದೇ ಒಂದು ವೈರಿನಲ್ಲಿತ್ತು. ಆಂಪ್ಲಿಫೈಯರ್ ಕಟ್ಟುವವರಲ್ಲಿ ಹೆಚ್ಚಿನವರು ಯಾವ ಚಿಪ್ಪು ಒಳ್ಳೆಯದು ಎಂಬ ಚರ್ಚೆಯಲ್ಲೇ ತಿಂಗಳುಗಳನ್ನು ಕಳೆದು, ಪವರ್ ಸಪ್ಲೈಯನ್ನು ಕೊನೆಯ ದಿನ ಪೇಟೆಯಲ್ಲಿ ಸಿಕ್ಕ ಟ್ರಾನ್ಸ್‌ಫಾರ್ಮರಿನಿಂದ ಮುಗಿಸಿಬಿಡುತ್ತಾರೆ. ಹಣವನ್ನು ಟ್ರಾನ್ಸ್‌ಫಾರ್ಮರಿಗೂ ತಾಳ್ಮೆಯನ್ನು ಗ್ರೌಂಡ್ (ಸೊನ್ನೆ ವೋಲ್ಟಿನ) ವೈರಿಂಗಿಗೂ ಮೀಸಲಿಡಬೇಕೆಂಬುದು ನನ್ನ ಖಚಿತವಾದ ಅಭಿಪ್ರಾಯ.

ಆಯ್ಕೆಯನ್ನು ಸ್ಪೀಕರಿನಿಂದ ಹಿಂದಕ್ಕೆ ಲೆಕ್ಕ ಹಾಕುತ್ತ ಬರಬೇಕು. ನನ್ನ ಸ್ಪೀಕರುಗಳು 8 ಓಮಿನವು, ಕೋಣೆ ಚಿಕ್ಕದು, ಒಂದೊಂದಕ್ಕೆ 25 ವ್ಯಾಟ್ ಧಾರಾಳವಾಗಿ ಸಾಕು. 8 ಓಮಿಗೆ 25 ವ್ಯಾಟ್ ಕೊಡಬೇಕಾದರೆ ಅಲೆಯ ತುದಿಯಲ್ಲಿ 20 ವೋಲ್ಟು ಮತ್ತು ಎರಡೂವರೆ ಆಂಪಿಯರ್ ಬೇಕಾಗುತ್ತದೆ. ಚಿಪ್ಪು ತನ್ನೊಳಗೆ ಸುಮಾರು 3 ವೋಲ್ಟನ್ನು ಉಳಿಸಿಕೊಳ್ಳುತ್ತದೆ. ಆದ್ದರಿಂದ ಪೂರ್ತಿ ಲೋಡಿನಲ್ಲಿಯೂ ಪ್ಲಸ್ ಮತ್ತು ಮೈನಸ್ ಎರಡೂ ಕಡೆ 23 ವೋಲ್ಟಿಗಿಂತ ಕೆಳಗೆ ಇಳಿಯದ ಸಪ್ಲೈ ಬೇಕು. ನಡುವಿನ ಸೊನ್ನೆಯಿಂದ ಎರಡೂ ಕಡೆ 18 ವೋಲ್ಟು ಕೊಡುವ 18-0-18 ಟ್ರಾನ್ಸ್‌ಫಾರ್ಮರಿನ 18 ವೋಲ್ಟನ್ನು ಅಲೆಯ ತುದಿಯ ಲೆಕ್ಕಕ್ಕೆ ತರಲು 1.414ರಿಂದ ಗುಣಿಸಿದರೆ ಇಪ್ಪತ್ತೈದೂವರೆ. ಡಯೋಡಿನಲ್ಲಿ ಒಂದು ವೋಲ್ಟಿನಷ್ಟು ಕಳೆದರೆ 24.5, ಚಾರ್ಜನ್ನು ಕೂಡಿಟ್ಟು ಕೊಡುವ ಕೆಪಾಸಿಟರಿನ ಏರಿಳಿತವನ್ನೂ ಕಳೆದರೆ ಸರಿಯಾಗಿ 23ರ ಹತ್ತಿರ ಬಂದು ನಿಲ್ಲುತ್ತದೆ.

ಈ ಲೆಕ್ಕ 230 ವೋಲ್ಟಿನ ಕರೆಂಟಿಗೆ ಮಾತ್ರ ಸರಿ. ನಮ್ಮ ಭಾಗದಲ್ಲಿ ಸುತ್ತಲಿನ ಹೊಲಗಳ ಪಂಪ್‌ಸೆಟ್ಟುಗಳು ನಡೆಯುವ ಹೊತ್ತಿನಲ್ಲಿ ವೋಲ್ಟೇಜು ಇಳಿಯುವುದನ್ನೂ, ನಡುರಾತ್ರಿ ಲೋಡ್ ಕಡಿಮೆಯಾದಾಗ ಏರುವುದನ್ನೂ ಎಲ್ಲರೂ ಕಂಡಿದ್ದಾರೆ. ನನ್ನ ಮನೆಯಲ್ಲಿ ಸಂಜೆ 205 ಮತ್ತು ರಾತ್ರಿ 250 ಎರಡನ್ನೂ ಮೀಟರಿನಲ್ಲಿ ನೋಡಿದ್ದೇನೆ. ಇಳಿದ ವೋಲ್ಟೇಜಿನ ಬಗ್ಗೆ ಚಿಂತಿಸಬೇಕಾಗಿಲ್ಲ. 205 ವೋಲ್ಟಿನಲ್ಲಿ ನನ್ನ 25 ವ್ಯಾಟ್ ಸುಮಾರು 18 ವ್ಯಾಟಿಗೆ ಇಳಿಯುತ್ತದೆ; ಅದು ಒಂದೂವರೆ ಡೆಸಿಬಲಿಗಿಂತ ಕಡಿಮೆ ವ್ಯತ್ಯಾಸ, ಕಿವಿಗೆ ಹೆಚ್ಚೂಕಡಿಮೆ ತಿಳಿಯುವುದಿಲ್ಲ. ಅಪಾಯವಿರುವುದು ಏರಿದ ವೋಲ್ಟೇಜಿನಲ್ಲಿ. ಲೋಡ್ ಇಲ್ಲದಾಗ ಟ್ರಾನ್ಸ್‌ಫಾರ್ಮರ್ ತನ್ನ ಮೇಲೆ ಬರೆದದ್ದಕ್ಕಿಂತ ಶೇಕಡಾ ಹತ್ತರಷ್ಟು ಹೆಚ್ಚು ಕೊಡುವುದು ಸಾಮಾನ್ಯ. ಅದರ ಜೊತೆಗೆ 250 ವೋಲ್ಟಿನ ರಾತ್ರಿ ಸೇರಿದರೆ 18-0-18ರಿಂದ ಪ್ರತಿ ಕಡೆ 30 ವೋಲ್ಟಿನ ಹತ್ತಿರ ಬರುತ್ತದೆ, ಒಟ್ಟು 60. ಎಲ್‌ಎಂ1875 ಚಿಪ್ಪಿನ ಮಿತಿಯೇ ಒಟ್ಟು 60 ವೋಲ್ಟು. ಹಗಲಿನಲ್ಲಿ ಚೆನ್ನಾಗಿ ಹಾಡಿದ ಆಂಪ್ಲಿಫೈಯರ್ ರಾತ್ರಿ ಸುಮ್ಮನೆ ಇಟ್ಟಲ್ಲೇ ಸುಟ್ಟುಹೋಯಿತೆಂದು ಕೆಲವರು ದುಃಖ ಹೇಳಿಕೊಂಡಾಗ ನನಗೆ ಮೊದಲು ನೆನಪಾಗುವುದು ಈ ಲೆಕ್ಕ. ಹೀಗಾಗಿ ನಾನು 84 ವೋಲ್ಟಿನವರೆಗೆ ತಾಳುವ ಎಲ್‌ಎಂ3886 ಚಿಪ್ಪನ್ನು ಆರಿಸಿಕೊಂಡೆ. ಎಲ್‌ಎಂ1875 ಕೈಯಲ್ಲಿರುವವರು 16-0-16ಕ್ಕೆ ಇಳಿಯುವುದು ಕ್ಷೇಮ.

ಆಂಪಿಯರಿನ ವಿಷಯ ಇನ್ನೂ ಸ್ವಲ್ಪ ಹೆಚ್ಚು ಮಾತಿಗೆ ಅರ್ಹವಾದದ್ದು. ಎರಡೂ ಚಾನೆಲ್ಲುಗಳು ಪೂರ್ತಿ ಜೋರಿನಲ್ಲಿ ಒಂದೇ ಸಮ ನುಡಿದರೆ ಸಪ್ಲೈಯಿಂದ ಸುಮಾರು 80 ವ್ಯಾಟ್ ಹೋಗುತ್ತದೆ. ಕೆಪಾಸಿಟರುಗಳು ಕರೆಂಟನ್ನು ಸಮನಾಗಿ ಎಳೆಯದೆ ಅಲೆಯ ತುದಿಯಲ್ಲಿ ಮಾತ್ರ ಗುಟುಕು ಗುಟುಕಾಗಿ ಎಳೆಯುವುದರಿಂದ ಟ್ರಾನ್ಸ್‌ಫಾರ್ಮರ್ ಅದರ ಒಂದೂವರೆ ಪಟ್ಟಾದರೂ ಇರಬೇಕು. ಸಂಗೀತ ಎಂದೂ ಹಾಗೆ ಒಂದೇ ಸಮ ಜೋರಾಗಿರುವುದಿಲ್ಲವಾದ್ದರಿಂದ 3 ಆಂಪಿಯರಿನ, ಅಂದರೆ 108 ವೋಲ್ಟ್-ಆಂಪಿಯರಿನ ಟ್ರಾನ್ಸ್‌ಫಾರ್ಮರ್ ಸಾಕೆಂದು ನಾನು ಹುಬ್ಬಳ್ಳಿಯ ಪೇಟೆಯಿಂದ ಒಂದನ್ನು ತಂದಿದ್ದೆ. ಅದನ್ನು ಎತ್ತಿ ನೋಡಿದೊಡನೆ ಅನುಮಾನ ಬಂದದ್ದು ಪಂಪ್‌ಸೆಟ್ ಮೋಟರುಗಳನ್ನು ರಿವೈಂಡಿಂಗ್ ಮಾಡುವ, ನಮ್ಮ ಓಣಿಯ ಹಿರಿಯರೊಬ್ಬರಿಗೆ. ‘ಸರ, ಮ್ಯಾಲೆ ಬರದಿದ್ದು ಓದಬ್ಯಾಡ್ರಿ, ಲೋಡ್ ಹಾಕಿ ನೋಡ್ರಿ’ ಎಂದರು. ‘ಹೆಂಗ್ ನೋಡೂದು ಕಾಕಾ?’ ಎಂದು ಕೇಳಿದ್ದಕ್ಕೆ ಸ್ಕೂಟರಿನ ಹೆಡ್‌ಲೈಟ್ ಬಲ್ಬುಗಳನ್ನು ತರಲು ಹೇಳಿದರು. 12 ವೋಲ್ಟ್ 35 ವ್ಯಾಟಿನ ಮೂರು ಬಲ್ಬುಗಳನ್ನು ಸೀರೀಸಿನಲ್ಲಿ ಜೋಡಿಸಿ ಸೆಕೆಂಡರಿಯ, ಅಂದರೆ ಕರೆಂಟು ಹೊರಕ್ಕೆ ಕೊಡುವ ಸುತ್ತಿನ, ಎರಡು ಹೊರತುದಿಗಳಿಗೆ ಕಟ್ಟಿದರೆ 36 ವೋಲ್ಟಿನಲ್ಲಿ ಸುಮಾರು 2.9 ಆಂಪಿಯರ್ ಹರಿಯುತ್ತದೆ. 3 ಆಂಪಿಯರಿನ ಟ್ರಾನ್ಸ್‌ಫಾರ್ಮರಿಗೆ ಇದಕ್ಕಿಂತ ಸುಲಭವಾದ, ಪ್ರಾಮಾಣಿಕವಾದ ಪರೀಕ್ಷೆಯನ್ನು ನಾನು ಕಂಡಿಲ್ಲ. ನಾನು ತಂದದ್ದು 39 ವೋಲ್ಟಿನಿಂದ 29ಕ್ಕೆ ಕುಸಿಯಿತು, ಅರ್ಧ ಗಂಟೆಯಲ್ಲಿ ಮುಟ್ಟಲಾಗದಷ್ಟು ಕಾಯಿತು. ಬಿಚ್ಚಿದಾಗ ಒಳಗಿದ್ದದ್ದು ತೆಳುವಾದ ಅಲ್ಯೂಮಿನಿಯಂ ತಂತಿ. ಅದೇ ಹಿರಿಯರು ತಾಮ್ರದ ತಂತಿಯಲ್ಲಿ 18-0-18, 5 ಆಂಪಿಯರಿನದನ್ನು ಸುತ್ತಿ ಕೊಟ್ಟರು. ಬಲ್ಬುಗಳ ಲೋಡಿನಲ್ಲಿ ಅದು 39.5ರಿಂದ 37.5ಕ್ಕೆ ಮಾತ್ರ ಇಳಿಯಿತು, ಒಂದು ಗಂಟೆಯ ನಂತರವೂ ಕೈಯಿಟ್ಟರೆ ಉಗುರುಬೆಚ್ಚಗೆ ಇತ್ತು.

ಇಂಥ ಟ್ರಾನ್ಸ್‌ಫಾರ್ಮರಿನ ಬದಲು ಎಸ್‌ಎಂಪಿಎಸ್ (ಸ್ವಿಚಿಂಗ್ ವಿಧದ ಹಗುರ ಪವರ್ ಸಪ್ಲೈ) ಸಾಲದೇ ಎಂದು ಕೇಳುವವರಿದ್ದಾರೆ. ಟಿಪಿಎ3116ರಂಥ ಕ್ಲಾಸ್-ಡಿ (ಸ್ವಿಚಿಂಗ್ ವಿಧದ) ಆಂಪ್ಲಿಫೈಯರ್ ಬೋರ್ಡಿಗೆ ಹಳೆಯ ಲ್ಯಾಪ್‌ಟಾಪಿನ 19 ವೋಲ್ಟಿನ ಅಡಾಪ್ಟರ್ ನಿಜಕ್ಕೂ ಒಳ್ಳೆಯ ಜೋಡಿ. ಆದರೆ ಆ ಚಿಪ್ಪಿನ ಮಿತಿ 26 ವೋಲ್ಟು. 24 ವೋಲ್ಟಿನ ಎಸ್‌ಎಂಪಿಎಸ್ ಹಾಕುವವರು ಅದರ ಪಕ್ಕದಲ್ಲಿರುವ, ವೋಲ್ಟೇಜು ಹೊಂದಿಸುವ ಸ್ಕ್ರೂ ಎಲ್ಲಿ ನಿಂತಿದೆಯೆಂದು ಅಳೆದೇ ಜೋಡಿಸಬೇಕು.

ಕೆಪಾಸಿಟರಿನ ಲೆಕ್ಕ ಸರಳವಾದದ್ದು. ಎರಡು ಗುಟುಕುಗಳ ನಡುವಿನ 10 ಮಿಲಿಸೆಕೆಂಡಿನಷ್ಟು ಹೊತ್ತು ಚಿಪ್ಪನ್ನು ಸಾಕುವುದು ಕೆಪಾಸಿಟರೇ. ಪ್ರತಿ ಕಡೆ 1.6 ಆಂಪಿಯರ್ ಹೋಗುವಾಗ 10,000 ಮೈಕ್ರೋಫ್ಯಾರಡ್ ಇದ್ದರೆ ಏರಿಳಿತ 1.6 ವೋಲ್ಟು, 4,700 ಇದ್ದರೆ 3.4 ವೋಲ್ಟು. ನಾನು 10,000 ಹಾಕಿದೆ. 35 ವೋಲ್ಟಿನ ಬದಲು 50 ವೋಲ್ಟಿನವನ್ನು ಕೊಂಡದ್ದಕ್ಕೆ ಕಾರಣ ಆ 250 ವೋಲ್ಟಿನ ರಾತ್ರಿಗಳೇ. ಬ್ರಿಡ್ಜ್ 25 ಆಂಪಿಯರಿನದು. ತಳ ಲೋಹದ್ದಾದ್ದರಿಂದ ಡಬ್ಬಿಯ ತಗಡಿಗೇ ಸ್ಕ್ರೂ ಹಾಕಿ ಬಿಗಿದೆ. ಪ್ರತಿ ಕೆಪಾಸಿಟರಿನ ಮೇಲೆ 2.2 ಕಿಲೋ ಓಮಿನ ಒಂದು ವ್ಯಾಟ್ ರೆಸಿಸ್ಟರ್ ಇದೆ. ಸ್ವಿಚ್ ಆರಿಸಿದ ಒಂದೆರಡು ನಿಮಿಷಗಳಲ್ಲಿ ಅದು ಉಳಿದ ಚಾರ್ಜನ್ನು ಇಳಿಸಿಬಿಡುತ್ತದೆ. ಇದನ್ನು ಯಾರೂ ಬಿಡಬಾರದು.

ಈಗ ಆ ಒಂದು ವೈರಿನ ಕಥೆ. ಟ್ರಾನ್ಸ್‌ಫಾರ್ಮರಿನ ಸೆಂಟರ್ ಟ್ಯಾಪ್, ಅಂದರೆ ನಡುವಿನ ಸೊನ್ನೆಯ ತುದಿ, ಎರಡು ಕೆಪಾಸಿಟರುಗಳು ಕೂಡುವ ಬಿಂದುವಿಗೆ ಬರುತ್ತದೆ. ಆಂಪ್ಲಿಫೈಯರಿನ ಗ್ರೌಂಡೂ ಅಲ್ಲಿಂದಲೇ ಹೋಗಬೇಕು. ನಾನು ವೈರ್ ಉಳಿಸಲೆಂದು ಇನ್‌ಪುಟ್ಟಿನ ಗ್ರೌಂಡನ್ನು ಸೆಂಟರ್ ಟ್ಯಾಪಿನ ಕಡೆಯಿಂದ, ಚಿಪ್ಪಿನ ಉಳಿದ ಗ್ರೌಂಡನ್ನು ಕೆಪಾಸಿಟರಿನ ಕಡೆಯಿಂದ ತೆಗೆದುಕೊಂಡಿದ್ದೆ. ನಡುವೆ ಇದ್ದದ್ದು 15 ಸೆಂಟಿಮೀಟರ್ ಉದ್ದದ ತೆಳು ವೈರು. ಮೀಟರಿಗೆ ಎರಡೂ ಒಂದೇ ಬಿಂದು; ಬೀಪ್ ಮಾಡಿ ನೋಡಿದರೂ ಒಂದೇ. ಆದರೆ 0.2 ಚದರ ಮಿಲಿಮೀಟರಿನ ಆ ತಾಮ್ರಕ್ಕೆ ಸುಮಾರು 13 ಮಿಲಿಓಮ್ ರೆಸಿಸ್ಟೆನ್ಸ್ ಇದೆ. ಹಾಡಿಲ್ಲದ ಹೊತ್ತಿನಲ್ಲಿಯೂ ಕೆಪಾಸಿಟರ್ ಎಳೆಯುವ ಗುಟುಕು ಒಂದು ಆಂಪಿಯರಿನದಾದರೆ ಅಲ್ಲಿ 13 ಮಿಲಿವೋಲ್ಟು ಹುಟ್ಟುತ್ತದೆ. ಚಿಪ್ಪು ಅದನ್ನು ಸಂಗೀತವೆಂದೇ ತಿಳಿದು 21 ಪಟ್ಟು ಹಿಗ್ಗಿಸುತ್ತದೆ. ಸ್ಪೀಕರಿನಲ್ಲಿ ಅದು ಕಾಲು ವೋಲ್ಟನ್ನು ದಾಟಿದ ಗುಂಯ್ಕಾರವಾಗಿ ಹೊರಬರುತ್ತದೆ. ಇದಕ್ಕೆ ದೊಡ್ಡ ಕೆಪಾಸಿಟರ್ ಪರಿಹಾರವಲ್ಲ. ಅದನ್ನು ಹಾಕಿದರೆ ಗುಟುಕು ಇನ್ನೂ ಚೂಪಾಗುತ್ತದೆ, ಸದ್ದು ಕಡಿಮೆಯಾಗುವುದಿಲ್ಲ. ಮೊದಲ ವಾರ ನಾನು ಆ ದಾರಿಯನ್ನೇ ಹಿಡಿದು ಫಲವಿಲ್ಲದೆ ಹಿಂದಿರುಗಿದ್ದೆ.

ಸರಿಯಾದ ಜೋಡಣೆ ಹೀಗಿದೆ. ಸೆಂಟರ್ ಟ್ಯಾಪಿನಿಂದ ದಪ್ಪ ವೈರು ನೇರವಾಗಿ ಕೆಪಾಸಿಟರುಗಳ ನಡುವಿನ ತಾಮ್ರದ ಪಟ್ಟಿಗೆ ಬರಬೇಕು. ಆ ಪಟ್ಟಿಯಿಂದ ಇನ್ನೊಂದು ಗಿಡ್ಡ, ದಪ್ಪ ವೈರು ಸ್ವಲ್ಪ ದೂರದ ಒಂದು ಬೋಲ್ಟಿಗೆ ಹೋಗಬೇಕು. ಆ ವೈರಿನಲ್ಲಿ ಚಾರ್ಜಿನ ಗುಟುಕುಗಳು ಹರಿಯುವುದಿಲ್ಲ. ಸ್ಪೀಕರಿನಿಂದ ಮರಳುವ ವೈರು, ಇನ್‌ಪುಟ್ಟಿನ ಗ್ರೌಂಡು, ಚಿಪ್ಪಿನ ಹತ್ತಿರದ ಚಿಕ್ಕ ಕೆಪಾಸಿಟರುಗಳ ಗ್ರೌಂಡು, ಇವು ಒಂದೊಂದೂ ತನ್ನದೇ ವೈರಿನಲ್ಲಿ ಆ ಬೋಲ್ಟಿಗೇ ಬಂದು ಸೇರಬೇಕು, ದಾರಿಯಲ್ಲಿ ಒಂದನ್ನೊಂದು ಕೂಡಬಾರದು. ಟ್ರಾನ್ಸ್‌ಫಾರ್ಮರಿನಿಂದ ಬ್ರಿಡ್ಜಿಗೆ ಹೋಗುವ ವೈರುಗಳನ್ನು ಒಟ್ಟಿಗೆ ಹುರಿ ಹಾಕಿ ಇನ್‌ಪುಟ್ಟಿನಿಂದ ದೂರ ಇಡಬೇಕು. ಮೂರು ಪಿನ್ನಿನ ಪ್ಲಗ್ಗಿನ ಅರ್ಥ್ ವೈರಿಗೆ ಬೇರೆಯೇ ಬೋಲ್ಟು, ಬಣ್ಣ ಕೆರೆದ ತಗಡಿನ ಮೇಲೆ. ಹಮ್ ಕಡಿಮೆಯಾಗುತ್ತದೆಂದು ಅರ್ಥ್ ಕಿತ್ತು ಹಾಕುವ ಸಲಹೆಯನ್ನು ಯಾರು ಕೊಟ್ಟರೂ ಕೇಳಬಾರದು. ಲೋಹದ ಡಬ್ಬಿಗೆ 230 ವೋಲ್ಟು ತಗುಲಿದ ದಿನ ಜೀವ ಕಾಯುವುದು ಆ ವೈರೊಂದೇ.

ಸೆಕೆಂಡರಿ ಎರಡು ಪ್ರತ್ಯೇಕ ಸುತ್ತುಗಳಾಗಿ ಬಂದಿದ್ದರೆ ಒಂದರ ಕೊನೆಯನ್ನು ಇನ್ನೊಂದರ ಆರಂಭಕ್ಕೆ ಕೂಡಿಸಬೇಕು; ಹೊರತುದಿಗಳ ನಡುವೆ 36 ವೋಲ್ಟಿನ ಬದಲು ಸೊನ್ನೆ ಕಂಡರೆ ಒಂದು ಸುತ್ತು ತಿರುವುಮುರುವಾಗಿದೆಯೆಂದು ಅರ್ಥ. ಮೊದಲ ಸಲ ಕರೆಂಟ್ ಕೊಡುವಾಗ ಎಲೆಕ್ಟ್ರಿಷಿಯನ್ನರು ಬಳಸುವ ಸೀರೀಸ್ ಬೋರ್ಡಿನಲ್ಲಿ 60 ವ್ಯಾಟಿನ ಹಳೆಯ ಕಾಲದ ತಂತಿಯ ಬಲ್ಬು ಹಾಕಿ, ಅದರ ಮೂಲಕವೇ ಕೊಡಬೇಕು. ಬಲ್ಬು ಒಮ್ಮೆ ಮಿನುಗಿ ಮಂಕಾದರೆ ಎಲ್ಲ ಸರಿ; ಪ್ರಖರವಾಗಿ ಉರಿಯುತ್ತಲೇ ಇದ್ದರೆ ಎಲ್ಲೋ ಶಾರ್ಟ್ ಇದೆ, ಆದರೆ ಏನೂ ಸುಟ್ಟಿರುವುದಿಲ್ಲ. ಆಮೇಲೆ 1.6 ಆಂಪಿಯರಿನ ಸ್ಲೋ ಬ್ಲೋ (ತುಸು ತಡವಾಗಿ ಸುಡುವ) ಫ್ಯೂಸು, ಎರಡೂ ಕಡೆ ಸುಮಾರು 27 ವೋಲ್ಟು ಸಮನಾಗಿದೆಯೇ ಎಂಬ ನೋಟ, ಚಿಪ್ಪಿನ ಔಟ್‌ಪುಟ್ಟಿನಲ್ಲಿ ಡಿಸಿ 50 ಮಿಲಿವೋಲ್ಟಿಗಿಂತ ಕಡಿಮೆ ಇದೆಯೇ ಎಂಬ ನೋಟ. ಸ್ಪೀಕರ್ ಜೋಡಿಸುವುದು ಇವೆಲ್ಲವೂ ಮುಗಿದ ನಂತರ.

ಗ್ರೌಂಡಿನ ವೈರನ್ನು ಬದಲಿಸಿದ ದಿನ ಇನ್‌ಪುಟ್ ಮುಚ್ಚಿ ಅಳೆದಾಗ ಔಟ್‌ಪುಟ್ಟಿನ ಹಮ್ ಒಂದು ಮಿಲಿವೋಲ್ಟಿಗೂ ಕಡಿಮೆ ಬಂತು. ಸ್ಪೀಕರಿಗೆ ಕಿವಿ ಹಚ್ಚಿದರೂ ಏನೂ ಕೇಳಲಿಲ್ಲ. ಅದೇ ಧ್ವನಿಮುದ್ರಣವನ್ನು ಮತ್ತೆ ಹಚ್ಚಿದೆ; ಪಂಚಮದ ತಂತಿ ಮೀಟಿದ ಮೇಲೆ ಅದರ ನಾದ ಕರಗುತ್ತ ಹೋಗಿ ಷಡ್ಜದ ತಂತಿಗಳೊಳಗೆ ಸೇರುವುದು ಕೊನೆಯವರೆಗೂ ಕೇಳಿಸಿತು. ಕರೆಂಟು ಹೋಗಿ ಮನೆಯ ಸ್ಕ್ವೇರ್ ವೇವ್ ಇನ್ವರ್ಟರ್ ಹೊತ್ತಿಕೊಂಡಾಗ ಮಾತ್ರ ಟ್ರಾನ್ಸ್‌ಫಾರ್ಮರ್ ಗುರ್ ಎನ್ನುತ್ತದೆ, ಚೌಕ ಅಲೆಯ ತುದಿ ಗಿಡ್ಡವಾದ್ದರಿಂದ 27 ವೋಲ್ಟು ಇಪ್ಪತ್ತರ ಒಳಗೆ ಇಳಿಯುತ್ತದೆ. ಆ ಹೊತ್ತಿನಲ್ಲಿ ಆಂಪ್ಲಿಫೈಯರನ್ನು ಆರಿಸಿ, ಕರೆಂಟು ಬರುವವರೆಗೆ ಕಾಯುತ್ತೇನೆ.