ಅಕ್ಕಿಕಾಳಿನಷ್ಟು ಪೇಸ್ಟ್

ಪಾವಗಡದಿಂದ ಅಮ್ಮ ಬಂದಿದ್ದಳು. ರಾತ್ರಿ ಮಲಗೋ ಮುಂಚೆ ನಾನು ಪುಟ್ಟಿಯ ಹಲ್ಲುಜ್ಜೋದಕ್ಕೆ ಕೂತೆ. ಪೇಸ್ಟಿನ ಟ್ಯೂಬ್ ಕೈಗೆ ತಗೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದ ಅಮ್ಮನ ಮುಖ ಬದಲಾಯಿತು. ‘ಇದರಲ್ಲೂ ಫ್ಲೋರೈಡ್ ಇದೆಯಲ್ಲೋ! ಮಗು ಬಾಯಿಗೆ ಹಾಕ್ತೀಯಾ?’

ಅಮ್ಮನ ಗಾಬರಿ ನನಗೆ ಅರ್ಥವಾಗುತ್ತದೆ. ನಮ್ಮ ಕಡೆ ಫ್ಲೋರೈಡ್ ಅಂದರೆ ಏನು ಅಂತ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಫ್ಲೋರೈಡ್ ಜಾಸ್ತಿ ಇರೋ ಆಳದ ಬೋರ್‌ವೆಲ್ ನೀರು ಕುಡಿದು ಬೆಳೆದವರು ನಾವು. ಅಮ್ಮನ ಮುಂದಿನ ಹಲ್ಲುಗಳಲ್ಲಿ ಅಡ್ಡಕ್ಕೆ ಕಂದು ಗೆರೆಗಳಿವೆ. ಫೋಟೋ ತೆಗೆಯುವಾಗ ಇವತ್ತಿಗೂ ಬಾಯಿ ಮುಚ್ಚಿಕೊಂಡೇ ನಗುತ್ತಾಳೆ. ಎಷ್ಟು ಉಜ್ಜಿದರೂ ಆ ಕಲೆ ಹೋಗಲ್ಲ. ಯಾಕಂದರೆ ಅದು ಮೇಲೆ ಅಂಟಿದ ಕೊಳೆಯಲ್ಲ, ಹಲ್ಲು ವಸಡಿನೊಳಗೆ ತಯಾರಾಗುವಾಗಲೇ ಸೇರಿಕೊಂಡಿದ್ದು. ಪುಟ್ಟಿಯ ಹಾಲುಹಲ್ಲಿನ ಕೆಳಗೂ ಈಗ ಶಾಶ್ವತ ಹಲ್ಲುಗಳು ತಯಾರಾಗುತ್ತಿವೆ. ಹಾಗಾಗಿ ಅಮ್ಮ ಕೇಳಿದ್ದು ಸರಿಯಾದ ಪ್ರಶ್ನೆಯೇ.

ಇದೇ ಪ್ರಶ್ನೆಯನ್ನು ನಾನು ಮಕ್ಕಳ ಹಲ್ಲಿನ ಡಾಕ್ಟರ್ ಹತ್ತಿರ ಕೇಳಿದ್ದೆ. ವರ್ಷ ತುಂಬೋದರೊಳಗೆ ಒಮ್ಮೆ ತೋರಿಸಿ ಅಂತ ಹೇಳಿದ್ದರಿಂದ ಕರೆದುಕೊಂಡು ಹೋಗಿದ್ದೆವು. ಡಾಕ್ಟರಮ್ಮ ನನ್ನ ಎದುರಿಗೆ ಕುರ್ಚಿ ಎಳೆದುಕೊಂಡು, ಮಂಡಿಗೆ ಮಂಡಿ ತಾಗಿಸಿ ಕೂತರು. ಪುಟ್ಟಿಯ ಕಾಲು ನನ್ನ ಕಡೆ, ತಲೆ ಅವರ ತೊಡೆಯ ಮೇಲೆ. ಅತ್ತಳು, ಆದರೆ ಅತ್ತಾಗ ಬಾಯಿ ಚೆನ್ನಾಗಿ ತೆರೆಯಿತು! ಅವರು ಹೇಳಿದ್ದು ಇಷ್ಟು: ಮೂರು ವರ್ಷದವರೆಗೆ ಒಂದು ಅಕ್ಕಿಕಾಳಿನಷ್ಟು ಪೇಸ್ಟ್, ಆಮೇಲೆ ಬಟಾಣಿ ಕಾಳಿನಷ್ಟು. ಇಷ್ಟು ಚಿಕ್ಕ ಮಕ್ಕಳಿಗೆ ಉಗುಳೋಕೆ ಬರಲ್ಲ, ನುಂಗೇ ನುಂಗುತ್ತಾರೆ. ಅಕ್ಕಿಕಾಳಿನಷ್ಟಾದರೆ ನುಂಗಿದರೂ ತೊಂದರೆಯಿಲ್ಲ, ಹಲ್ಲು ಹುಳುಕಾಗದಂತೆ ಕಾಯೋದಕ್ಕೆ ಅಷ್ಟು ಸಾಕು.

ಅಮ್ಮನಿಗೆ ಬಾಯಲ್ಲಿ ಹೇಳಿದರೆ ಸಾಲದು ಅನಿಸಿತು. ಬ್ರಷ್ ಮೇಲೆ ಪೇಸ್ಟ್ ಸವರಿ ತೋರಿಸಿದೆ. ಕನ್ನಡಕ ಹಾಕಿಕೊಂಡು ನೋಡಿದಳು. ‘ಇಷ್ಟೇನಾ?’ ಅಂದಳು.

ಪುಟ್ಟಿಯನ್ನು ತೊಡೆ ಮೇಲೆ ಅಂಗಾತ ಮಲಗಿಸಿಕೊಂಡೆ. ಮೊದಲು ಎಡಗೈ ಬೆರಳಿನಿಂದ ಮೇಲ್ದುಟಿಯನ್ನು ಮೆಲ್ಲಗೆ ಎತ್ತಬೇಕು. ತುಟಿ ಎತ್ತದಿದ್ದರೆ ಬ್ರಷ್ ಹಲ್ಲಿನ ತುದಿಗಷ್ಟೇ ತಾಗುತ್ತದೆ. ಕೊಳೆ ಕೂರೋದು ಮೇಲೆ, ವಸಡಿನ ಅಂಚಿನಲ್ಲಿ. ಮೇಲಿನ ಎರಡು ಹಲ್ಲು, ಅವುಗಳ ಪಕ್ಕದಲ್ಲಿ ಆಗಷ್ಟೇ ಇಣುಕುತ್ತಿದ್ದ ಇನ್ನೊಂದು. ನಡುವೆ ವಸಡಿನಿಂದ ತುಟಿಗೆ ಸೇರೋ ಒಂದು ಸಣ್ಣ ಪೊರೆ ಇರುತ್ತದೆ. ಅದಕ್ಕೆ ಬ್ರಷ್ ತಾಗಿದರೆ ನೋವಾಗುತ್ತದೆ, ಅಳುತ್ತಾಳೆ. ಅದರ ಮೇಲೆ ಬೆರಳು ಇಟ್ಟುಕೊಂಡರೆ ಸುಮ್ನೆ ಇರುತ್ತಾಳೆ. ಜೊಲ್ಲು ನನ್ನ ಮಣಿಕಟ್ಟಿನವರೆಗೆ ಇಳಿಯಿತು. ಬ್ರಷ್ ಕಚ್ಚಿ ಹಿಡಿದಳು. ಬಿಡುವವರೆಗೂ ಕಾದೆ.

‘ಬಿದ್ದುಹೋಗೋ ಹಲ್ಲಿಗೆ ಇಷ್ಟೆಲ್ಲಾ ಬೇಕೇನೋ?’ ಅಂದಳು ಅಮ್ಮ. ಬೇಕು. ಮುಂದಿನ ಹಲ್ಲು ಆರೇಳು ವರ್ಷಕ್ಕೆ ಬಿದ್ದರೂ, ಹಿಂದಿನ ದವಡೆ ಹಾಲುಹಲ್ಲು ಹತ್ತು ಹನ್ನೆರಡು ವರ್ಷದವರೆಗೂ ಇರುತ್ತವೆ. ಅಷ್ಟು ವರ್ಷ ಮಗು ಅಗಿಯೋದು ಅವುಗಳಲ್ಲೇ ಅಲ್ವಾ? ಹೊಸ ಹಲ್ಲಿಗೆ ಜಾಗ ಕಾಯೋದೂ ಅವೇ. ಬಾಟಲಿ ಬಾಯಲ್ಲಿಟ್ಟುಕೊಂಡೇ ನಿದ್ದೆ ಹೋಗೋ ಮಕ್ಕಳಿಗೆ ಮೊದಲು ಹಾಳಾಗೋದು ಮೇಲಿನ ಮುಂದಿನ ಹಲ್ಲು. ನಿದ್ದೆಯಲ್ಲಿ ಜೊಲ್ಲು ಕಡಿಮೆ, ಹಾಲು ಅಲ್ಲೇ ನಿಲ್ಲುತ್ತದೆ. ಕೆಳಗಿನ ಹಲ್ಲನ್ನು ನಾಲಿಗೆ ಮುಚ್ಚಿರುತ್ತದೆ. ಶುರುವಿಗೆ ವಸಡಿನ ಹತ್ತಿರ ಸುಣ್ಣ ಬಳಿದ ಹಾಗೆ ಬಿಳಿ ಗೆರೆ ಕಾಣುತ್ತದೆ. ಆಗಲೇ ಗಮನಿಸಿದರೆ ಹಲ್ಲು ಉಳಿಸಿಕೊಳ್ಳಬಹುದು. ದಿನಾ ತುಟಿ ಎತ್ತಿ ನೋಡೋದಕ್ಕೆ ನನಗೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ಅಮ್ಮ ಸ್ವಲ್ಪ ಹೊತ್ತು ಯೋಚಿಸಿದಳು. ಊರಲ್ಲಿ ಅಣ್ಣನ ಮಗುವಿಗೂ ಹಲ್ಲು ಬರುತ್ತಿದೆ. ಕುಡಿಯೋದಕ್ಕೆ ಶುದ್ಧ ನೀರಿನ ಘಟಕದಿಂದ ಕ್ಯಾನ್ ತರುತ್ತಾರೆ, ಅಡುಗೆಗೆ ಮಾತ್ರ ಬೋರ್ ನೀರು. ‘ಕುದಿಸಿದರೆ ಹೋಗಲ್ವಾ ಅದು?’ ಅಂತ ಕೇಳಿದಳು. ಹೋಗಲ್ಲಮ್ಮ, ಕುದಿದು ನೀರು ಕಡಿಮೆಯಾದರೆ ಉಳಿದ ನೀರಲ್ಲಿ ಫ್ಲೋರೈಡ್ ಪ್ರಮಾಣ ಇನ್ನೂ ಹೆಚ್ಚಾಗುತ್ತದೆ ಅಂದೆ. ಆಗಲೇ ಅತ್ತಿಗೆಗೆ ಫೋನ್ ಹಚ್ಚಿದಳು. ‘ಮಗೂ ರಾಗಿ ಸರಿಗೆ ನಾಳೆಯಿಂದ ಕ್ಯಾನ್ ನೀರೇ ಹಾಕಮ್ಮ. ಪೇಸ್ಟ್ ಎಷ್ಟು ಹಾಕೋದು ಅಂತ ನಾನು ಬಂದು ತೋರಿಸ್ತೀನಿ.’